ಮಾಮಾನ ಅಮೇರಿಕದ ಕೇಸು

ನಮ್ಮ ಮಾಮಾನದೊಂದು ಕೇಸು ಅಮೇರಿಕದ ಕೋರ್ಟಿನಲ್ಲಿ ನಡೆದಿತ್ತು. ನಗಬೇಡಿ! ಸೋಲಾಪುರದಲ್ಲಿ ಚಾದರ ಮಾರುತ್ತ ಕುಳಿತ, ಪುಣೆಯ ಆಚೆಗೆ ಕಾಲಿಡದ ಮನುಷ್ಯನಿಗೆ ಅಮೇರಿಕದಲ್ಲೆಂಥ ಕೇಸು ಎಂದು ನೀವು ಕೇಳುವುದು ಸರಿಯೇ. ಆದರೆ ಎಪ್ಪತ್ತರ ದಶಕದಲ್ಲಿ ನಮ್ಮ ಓಣಿಯ ಯಾರನ್ನು ಕೇಳಿದ್ದರೂ, "ಹೌದ್ರಿ, ಅವರದೊಂದ ಕೇಸ್ ಐತಿ, ಇನ್ನಾ ನಿಕಾಲ ಆಗಿಲ್ಲ" ಎನ್ನುತ್ತಿದ್ದರು. ಆರೋಪಿ ಮಾಮಾ ಅಲ್ಲ ಅಷ್ಟೇ. ಆರೋಪಿ ಒಂದು ಕಾದಂಬರಿಯೊಳಗಿನ ಕರಿಯ ಮನುಷ್ಯ!

ಆದದ್ದಿಷ್ಟು. ಚಾದರ ಸುತ್ತಿಕೊಡಲು ಮಾಮಾ ರದ್ದಿ ಕಾಗದ ತರಿಸುತ್ತಿದ್ದ. ಒಮ್ಮೆ ಆ ರಾಶಿಯಲ್ಲಿ ರಟ್ಟಿಲ್ಲದ, ಹೆಸರಿಲ್ಲದ ಒಂದು ಇಂಗ್ಲಿಷ್ ಕಾದಂಬರಿ ಬಂತು. ಮ್ಯಾಟ್ರಿಕ್ಕಿನಲ್ಲಿ ಇಂಗ್ಲಿಷಿಗೇ ಮೂರು ಸಲ ಡುಮ್ಕಿ ಹೊಡೆದ ನಮ್ಮ ಮಾಮಾನಿಗೆ ಅದನ್ನು ಓದುವ ಹುಚ್ಚು ಯಾಕೆ ಹಿಡಿಯಿತೋ ದೇವರಿಗೇ ಗೊತ್ತು. ಇಂಗ್ಲಿಷ್-ಮರಾಠಿ ನಿಘಂಟು ಕೊಂಡ. ಶಬ್ದವನ್ನು ಇಂಗ್ಲಿಷಿನಿಂದ ಮರಾಠಿಗೆ ತಂದು, ಮರಾಠಿಯಿಂದ ಮನೆಯ ಕನ್ನಡಕ್ಕೆ ಎಳೆದು, ದಿನಕ್ಕೊಂದು ಪುಟ ಮುಗಿಸಿದರೆ ಅವನಿಗೆ ಹಬ್ಬ.

ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿಯೇ ಅವನದಲ್ಲ. ಗಿರಾಕಿ ಬಂದರೆ ಚಾದರಕ್ಕಿಂತ ಮೊದಲು ಕಥೆ ಬಿಚ್ಚಿಕೊಳ್ಳುತ್ತಿತ್ತು. ಒಂದು ಸಣ್ಣ ಊರು. ಅಲ್ಲೊಬ್ಬ ವಕೀಲ, ತಾಯಿಯಿಲ್ಲದ ಎರಡು ಮಕ್ಕಳು. ಕಥೆ ಹೇಳುವವಳು ಸಣ್ಣ ಹುಡುಗಿ. ಏನೂ ತಪ್ಪು ಮಾಡದ ಒಬ್ಬ ಕರಿಯನ ಮೇಲೆ ಬಿಳಿಯರು ಸುಳ್ಳು ಆರೋಪ ಹೊರಿಸಿದ್ದಾರೆ. ಅವನ ಪರವಾಗಿ ನಿಂತದ್ದಕ್ಕೆ ಇಡೀ ಊರು ವಕೀಲನ ಮೇಲೆ ಮುನಿದಿದೆ. ಮಾಮಾ ಇವರನ್ನೆಲ್ಲ ಹೆಸರಿನಿಂದ ಕರೆಯುತ್ತಿರಲಿಲ್ಲ. "ನಮ್ಮ ವಕೀಲಸಾಹೇಬ್ರು", "ನಮ್ಮ ಹುಡುಗಿ", "ನಮ್ಮ ಮನಷ್ಯಾ". ಕೇಳಿದವರಿಗೆ ಇವರೆಲ್ಲ ನಮ್ಮ ಬೀಗರೇ ಇರಬೇಕು ಅನ್ನಿಸಬೇಕು!

ಆದರೆ ಕಥೆ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತಿತ್ತು. ಸಾಕ್ಷಿ ಮುಗಿದು, ತೀರ್ಪು ಹೇಳಬೇಕಾದ ಪಂಚರು ಒಳಗೆ ಹೋಗುತ್ತಾರೆ. ಅಲ್ಲಿಗೆ ಪುಸ್ತಕ ಖಲಾಸ್! ಮುಂದಿನ ಪುಟಗಳು ಯಾರದೋ ಶೇಂಗಾ ಪೊಟ್ಟಣವಾಗಿ ಹೋಗಿವೆ ಎಂದು ಮಾಮಾ ಹೇಳುತ್ತಿದ್ದ. ಮಂದ್ರೂಪದಿಂದ ಬಸ್ಸಿಗೆ ಬರುವ ಒಬ್ಬ ಗೌಡರು ಪ್ರತಿ ಸಲ ವಿಚಾರಿಸುತ್ತಿದ್ದರು.

"ಏನ್ ಸಾವಕಾರ್ರ, ಪಂಚರು ಹೊರಗ ಬಂದ್ರೇನು?"

"ಇನ್ನಾ ಇಲ್ರಿ ಗೌಡ್ರ."

"ಒಳಗ ಹೋಗಿ ಎರಡ ವರ್ಷ ಆತಲ್ರೀ! ಊಟಾ ಗೀಟಾ ಏನ ಮಾಡ್ತಾರ್ರಿ?"

ಒಮ್ಮೆ ಇದೇ ಗೌಡರು, "ಬರೇ ಬಣ್ಣಕ್ಕ ಮನಷ್ಯಾನ್ನ ಹಂಗ ಕಾಡ್ತಾರೇನ್ರಿ? ಎಂಥಾ ಮಂದಿ!" ಎಂದು ಲೊಚಗುಟ್ಟಿದರು. ಮಾಮಾ ಚಾದರ ಮಡಚುತ್ತ ಸಹಜವಾಗಿ ಕೇಳಿದ: "ಗೌಡ್ರ, ನಿಮ್ಮೂರ ಹೊರಗಿನ ಕೇರಿ ಮಂದಿ ನಿಮ್ಮ ಬಾವ್ಯಾಗ ನೀರ ಸೇದತಾರೇನ್ರಿ?" ಗೌಡರು ಆ ದಿನ ಚಹಾ ಕುಡಿಯದೆ ಎದ್ದು ಹೋದರು. ಎರಡು ತಿಂಗಳು ಬರಲಿಲ್ಲ. ಬಂದಾಗ ಮತ್ತೆ ಪಂಚರನ್ನೇ ವಿಚಾರಿಸಿದರು!

ಮನೆಯಲ್ಲಿ ಮಾಮಿಯ ಪಾಡು ಕೇಳಬೇಕೆ? "ಪರದೇಶದವನ ಚಿಂತಿ ಮಾಡಕೋತ ಕುಂತೀರಿ, ಇಲ್ಲಿ ಸ್ಟವ್ವಿಗಿ ಎಣ್ಣಿ ಇಲ್ಲ" ಎನ್ನುವಳು. ಮಾಮಾ ಡಬ್ಬಿ ಹಿಡಿದು ಹೋಗಿ, ಸೀಮೆಎಣ್ಣೆಯ ಪಾಳಿಯಲ್ಲಿ ನಿಂತವರಿಗೆಲ್ಲ ಕಥೆ ಹೇಳಿ, ಖಾಲಿ ಡಬ್ಬಿಯೊಂದಿಗೆ ಬರುವನು.

ಕೊನೆಗೊಂದು ಗುರುವಾರ ಮಾಮಾ ನನ್ನನ್ನೂ ಕರೆದುಕೊಂಡು ಅಕ್ಕಲಕೋಟೆಗೆ ಹೊರಟ. ನಾನಾಗ ಕಾಲೇಜಿಗೆ ಸೇರಿದ್ದೆ. ಆಗದ್ದನ್ನೂ ಆಗಿಸುವವರೆಂದು ಹೆಸರಾದ ಅಲ್ಲಿಯ ಸ್ವಾಮಿಗಳ ಸನ್ನಿಧಿಯಲ್ಲಿ ಆರೋಪಿಯ ಹೆಸರಿನಲ್ಲಿ ಅಭಿಷೇಕ! ಪೂಜಾರಿಗಳು ಹೆಸರು ಕೇಳಿದರು. ಮಾಮಾ ಹೇಳಿದ. ಅವರು ಅದನ್ನು ಮೂರು ಸಲ ಮೂರು ನಮೂನೆ ಅಂದು ನೋಡಿ, ಕೈಬಿಟ್ಟು, "ಗೋತ್ರ?" ಎಂದರು.

"ಗೊತ್ತಿಲ್ರಿ. ಪುಸ್ತಕದಾಗ ಬರದಿಲ್ಲ."

"ಗೊತ್ತಿಲ್ಲದವ್ರಿಗಿ ಕಾಶ್ಯಪ ಗೋತ್ರ ಹೇಳೂದು. ನಡೀತೈತಿ."

ನೋಡಿ! ಎಂದೂ ಹುಟ್ಟದ ಒಬ್ಬ ಅಮೇರಿಕದ ಕರಿಯ ಆ ಗುರುವಾರ ಕಾಶ್ಯಪ ಗೋತ್ರಕ್ಕೆ ಸೇರಿದ. ಬಸ್ಸಿನಲ್ಲಿ ನಾನು ನಗು ತಡೆಯಲಾರದೆ ಕೇಳಿದೆ: "ಮಾಮಾ, ಅಚ್ಚಾದ ಪುಸ್ತಕದಾಗ ಸ್ವಾಮಿಗಳರೆ ಏನ ಬದಲ ಮಾಡ್ತಾರ?" ಮಾಮಾ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, "ಅವರಿಗಿ ಆಗಲಾರದ್ದ ಏನೈತಿ?" ಎಂದ. ಅವನ ದನಿಯಲ್ಲಿ ಇದ್ದ ಆಸೆಯನ್ನು ಕೇಳಿ ನನಗೆ ಮೊದಲ ಸಲ ಕುತೂಹಲ ಹುಟ್ಟಿತು. ಒಬ್ಬ ಕಾಗದದ ಮನುಷ್ಯ ಬಿಡುಗಡೆಯಾಗಲಿ ಎಂದು ಇವನು ಇಷ್ಟು ಹಂಬಲಿಸುವುದೇಕೆ?

ಮುಂದಿನ ವರ್ಷ ಕಾಲೇಜಿನ ಗ್ರಂಥಾಲಯದಲ್ಲಿ ಯಾವುದೋ ಪುಸ್ತಕ ತೆಗೆದು ಎರಡು ಪುಟ ಓದಿದೆ. ನಮ್ಮ ಹುಡುಗಿ! ನಮ್ಮ ವಕೀಲಸಾಹೇಬರು! ಇದು ಇಡೀ ಪುಸ್ತಕ. ನಿಂತಲ್ಲೇ ಕೊನೆಯ ಭಾಗ ಓದಿದೆ. ಪಂಚರು ಹೊರಗೆ ಬಂದಿದ್ದರು. ಅವನೇ ತಪ್ಪಿತಸ್ಥ ಎಂದಿದ್ದರು. ವಕೀಲರು ಅಪೀಲು ಮಾಡೋಣ ಎನ್ನುತ್ತಾರೆ. ಅದಕ್ಕೂ ಮೊದಲೇ ಆ ಮನುಷ್ಯ ಜೈಲಿನಲ್ಲಿ ಗುಂಡಿಗೆ ಬಲಿಯಾಗುತ್ತಾನೆ.

ಮಾಮಾನಿಗೆ ಇದನ್ನು ಹೇಗೆ ಹೇಳುವುದು? ಹೇಳದೆ ಹೇಗಿರುವುದು? ಪುಸ್ತಕ ತೆಗೆದುಕೊಂಡು ಮಧ್ಯಾಹ್ನ ಅಂಗಡಿಗೆ ಹೋದೆ. ಗಿರಾಕಿಗಳಿರಲಿಲ್ಲ. "ಮಾಮಾ, ಪೂರಾ ಪುಸ್ತಕ ಸಿಕ್ಕೈತಿ" ಎಂದೆ.

ಅವನು ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡ. ಹುಡುಕಲಿಲ್ಲ, ತಡಕಾಡಲಿಲ್ಲ, ನೇರವಾಗಿ ತೀರ್ಪಿನ ಪುಟಕ್ಕೇ ಹೋದ. ಸಾಲಿನ ಮೇಲೆ ಬೆರಳಿಟ್ಟು ಓದಿದ. ಆಮೇಲೆ ಮೆಲ್ಲಗೆ ಮುಚ್ಚಿದ.

"ಇದರಾಗೂ ಹಂಗ ಐತಿ" ಎಂದ.

"ಇದರಾಗೂ ಅಂದ್ರ?"

ಚಾದರದಲ್ಲಿ ನೇಯ್ಗೆ ತಪ್ಪಿದ್ದರೆ ಅದನ್ನು ಗಿರಾಕಿಗೆ ಕಾಣದಂತೆ ಕುಳಿತುಕೊಳ್ಳುವ ಗಾದಿಯ ಕೆಳಗೆ ತಳ್ಳಿ, ಗಂಟಿನಿಂದ ಬೇರೆಯದನ್ನು ತೆಗೆಯುವುದು ನಮ್ಮ ಅಂಗಡಿಯ ಪದ್ಧತಿ. ಮಾಮಾ ಗಾದಿಯ ಆ ಮೂಲೆ ಎತ್ತಿ, ದಾರ ಕಟ್ಟಿದ ಒಂದು ಕಾಗದದ ಕಟ್ಟು ತೆಗೆದ. ಹರಿದ ಪುಟಗಳು. ಶೇಂಗಾದವನು ಒಯ್ದಿರಲಿಲ್ಲ, ಮಾಮಾನೇ ಹರಿದಿದ್ದ.

"ಒಂದ ಪುಟಾ ಓದೀನಿ, ಮುಂದ ಆಗಲಿಲ್ಲ" ಎಂದ. "ಮಗ್ಗದ ಮ್ಯಾಲೆ ಒಂದ ಚಾದರದಾಗ ನವಿಲಿನ ಕಾಲ ತಪ್ಪಿರ್ತಾವ. ಇನ್ನೊಂದ ತಗದ್ರ ಸರಿ ಇರ್ತೈತಿ. ಪುಸ್ತಕಾನೂ ಹಂಗ ಇರಬಹುದು, ಎಲ್ಲೋ ಒಂದರಾಗ ಅವನ್ನ ಬಿಟ್ಟಿರಬಹುದು ಅಂದ್ಕೊಂಡಿದ್ನಿ."

ಇಷ್ಟು ವರ್ಷ ಇವನನ್ನು ನೋಡಿ ನಕ್ಕವರಲ್ಲಿ ನಾನೇ ಮೊದಲಿಗಳು. ಅವನು ಕೇಳಿದ:

"ನೀ ಮುಂದಿಂದೂ ಓದೀದಿ ಹೌದಿಲ್ಲೊ? ವಕೀಲಸಾಹೇಬ್ರು ಹಂಗ ಬಿಟ್ಟಬಿಟ್ರೇನು?"

"ಇಲ್ಲ ಮಾಮಾ. ಅಪೀಲ ಮಾಡೂಣು ಅಂದಾರ."

"ಅಂದಾರ?" ಮಾಮಾ ನೆಟ್ಟಗೆ ಕುಳಿತ. ಆ ಮುಖದಲ್ಲಿ ಬಂದ ಬೆಳಕನ್ನು ನಾನು ಹೇಗೆ ಹೇಳಲಿ! "ನನಗ ಗೊತ್ತಿತ್ತು. ಮ್ಯಾಲಿನ ಕೋರ್ಟಿನ್ಯಾಗ ಬಿಡ್ತಾರ. ಬಿಡ್ತಾರ ಹೌದಿಲ್ಲೊ?"

"ಬಿಡ್ತಾರ ಮಾಮಾ" ಎಂದೆ. ಗ್ರಂಥಾಲಯದ ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಆ ಕಟ್ಟಿನ ದಾರವನ್ನು ಇನ್ನೊಂದು ಸುತ್ತು ಬಿಗಿದು, ಅವನ ಕೈಗೆ ಸುಲಭವಾಗಿ ಸಿಗದಷ್ಟು ಒಳಗೆ, ಗಾದಿಯ ಕೆಳಗೆ ತಳ್ಳಿದೆ.