ಕೋವಿ ಹೊರಗಿಡಿ, ಕೊಡೆಯ ಪಕ್ಕ

ಕೊಡಗಿನಲ್ಲಿ ಬ್ಯಾಂಕಿನ ಬಾಗಿಲು ಕಾಯುವವನಿಗೆ ಕಳ್ಳರ ಕಾಟ ಕಡಿಮೆ, ಕೋವಿಯ ಕಾಟ ಜಾಸ್ತಿ. ಬೇರೆ ಊರಲ್ಲಾದರೆ ಬ್ಯಾಂಕಿನೊಳಗೆ ಕೋವಿ ಇರೋದು ಗಾರ್ಡ್ ಒಬ್ಬನ ಹತ್ತಿರ. ನಮ್ಮಲ್ಲಿ ಗಿರಾಕಿಗಳ ಹತ್ತಿರವೂ ಇರುತ್ತೆ, ಅದೂ ಗಾರ್ಡಿನದಕ್ಕಿಂತ ಒಳ್ಳೇದು. ಇಂಥ ಜಾಗದಲ್ಲಿ ಎಡವಟ್ಟು ಆಗದೆ ಇನ್ನೆಲ್ಲಿ ಆಗಬೇಕು ಹೇಳಿ?

ನಾನು ಮಿಲಿಟರಿಯಿಂದ ಪೆನ್ಷನ್ ಆಗಿ ಬಂದು ಬಾಳೆಲೆ ಅನ್ನೋ ಊರ ಕಡೆಯ ಒಂದು ಸಣ್ಣ ಬ್ಯಾಂಕ್ ಶಾಖೆಯಲ್ಲಿ ಗಾರ್ಡ್ ಆದವನು. ಕೆಲಸ ಕಾಯಂ ಅಲ್ಲ, ವರ್ಷ ವರ್ಷವೂ ಮೇಲಿನವರು ಮುಂದುವರಿಸಬೇಕು. ಬೇಡ ಅಂದರೆ ನನ್ನ ಭಾವ ಕುಟ್ಟದ ಒಂದು ಎಸ್ಟೇಟಿನಲ್ಲಿ ಆನೆ ಓಡಿಸುವ ಕೆಲಸ ಕೊಡಿಸೋಕೆ ತಯಾರಾಗಿ ಕೂತಿದ್ದ. ಆ ಮಾತು ಎತ್ತಿದರೆ ಸಾಕು, ನನ್ನ ಹೆಂಡತಿಗೆ ಮೈಯೆಲ್ಲ ಉರಿ.

"ಕಳ್ಳ ಆದ್ರೆ ಕೋವಿ ನೋಡಿ ಅವನು ಓಡ್ತಾನೆ. ಆನೆ ಆದ್ರೆ ನೀವು ಓಡಬೇಕು. ಈ ಮಂಡಿನೋವಲ್ಲಿ ಎಲ್ಲಿಗೆ ಓಡ್ತೀರಿ? ಬ್ಯಾಂಕಿನ ಕೆಲಸ ಬಿಟ್ಟು ಮನೆಗೆ ಬಂದ್ರೆ ನೋಡಿ ಮತ್ತೆ!"

ಹಾಗಾಗಿ ಆ ವರ್ಷ ನನಗಿದ್ದ ಆಸೆ ಒಂದೇ, ಈ ಕೆಲಸ ಉಳಿಯಬೇಕು. ಅದೇ ವರ್ಷ ನಮಗೆ ಹೊಸ ಮ್ಯಾನೇಜರು ಬಂದರು.

ದೊಡ್ಡ ನಮಸ್ಕಾರ

ಮ್ಯಾನೇಜರು ದಾವಣಗೆರೆ ಕಡೆಯವರು. ಒಳ್ಳೆಯವರೇ, ಆದರೆ ರೂಲ್ಸ್ ಅಂದರೆ ರೂಲ್ಸ್. ನನ್ನ ಕೋವಿಯನ್ನೇ ಅವರು ಎರಡು ಮಾರು ದೂರದಿಂದ ನೋಡುತ್ತಿದ್ದರು.

ಅವರು ಬಂದ ವಾರವೇ, ಜೋರು ಮಳೆಯ ಒಂದು ಬೆಳಿಗ್ಗೆ, ನಮ್ಮ ಹಳೇ ಗಿರಾಕಿ, ಕಾಫಿ ತೋಟದ ಅಜ್ಜ ಒಬ್ಬರು ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೋವಿ. ಕೋವಿ ಯಾಕೆ ಅಂದರೆ, ಅದನ್ನು ರಿಪೇರಿಗೆ ಗೋಣಿಕೊಪ್ಪಕ್ಕೆ ಒಯ್ಯುವ ದಾರಿಯಲ್ಲಿ ಬ್ಯಾಂಕಿನ ಕೆಲಸವೂ ಮುಗಿಸೋಣ ಅಂತ. ಅಜ್ಜ ಬಹಳ ಶಿಸ್ತಿನ ಮನುಷ್ಯ. ನೆಲ ಒದ್ದೆ ಆಗಬಾರದು ಅಂತ ಕೊಡೆಯನ್ನು ಹೊರಗಿನ ಬಕೆಟ್ಟಿನಲ್ಲಿ ಇಟ್ಟರು. ಕೋವಿ ಒದ್ದೆ ಆಗಬಾರದು ಅಂತ ಅದನ್ನು ಒಳಗೆ ತಂದರು.

ನಾನು "ಬನ್ನಿ ಅಜ್ಜ" ಅಂತ ಬಾಗಿಲು ತೆರೆದೆ. ಹತ್ತು ವರ್ಷದಿಂದ ತೆರೆದಂತೆಯೇ ತೆರೆದೆ. ಮ್ಯಾನೇಜರು ಕ್ಯಾಬಿನ್ನಿನಿಂದ ತಲೆ ಎತ್ತಿ ನೋಡಿದರು ನೋಡಿ, ಮುಖ ಬಿಳಿಚಿತು. ಎರಡೂ ಕೈ ಮೇಲೆ ಹೋದವು.

ಅಜ್ಜ ನಿಂತರು. ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಅವರ ಮುಖ ನೋಡಿದರು. ಆಮೇಲೆ ದೊಡ್ಡವರಿಗೆ ತಿರುಗಿ ಮರ್ಯಾದೆ ಮಾಡದಿದ್ದರೆ ತಪ್ಪಾಗುತ್ತೆ ಅಂತ ತಾವೂ ಎರಡು ಕೈ ಎತ್ತಿದರು, ಕೋವಿ ಸಮೇತ. ಮ್ಯಾನೇಜರು ಮೇಜಿನ ಕೆಳಗೆ ಇಳಿದರು.

ಅವರನ್ನು ಹೊರಗೆ ತೆಗೆದು ನೀರು ಕುಡಿಸಿ, "ಸಾರ್, ಇವರು ಕಾಫಿ ಸಾಲದ ವಿಷಯ ಕೇಳೋಕೆ ಬಂದಿದ್ದಾರೆ" ಅಂತ ನಂಬಿಸುವ ಹೊತ್ತಿಗೆ ನನಗೆ ಬೆವರು ಇಳಿದಿತ್ತು. ಅಜ್ಜ ಮಾತ್ರ ಹೋಗುವಾಗ ಬಾಗಿಲಲ್ಲಿ ನನ್ನ ಕಿವಿಯಲ್ಲಿ ಹೇಳಿದರು:

"ನಿಮ್ಮ ಹೊಸ ಮ್ಯಾನೇಜರು ಭಾರೀ ವಿನಯದ ಜನ ಮಾರಾಯ. ಇಷ್ಟು ದೊಡ್ಡ ನಮಸ್ಕಾರ ನನಗೆ ಮದುವೆ ದಿನವೂ ಯಾರೂ ಮಾಡಿರಲಿಲ್ಲ."

ಮೊದಲು ನೀನು ಹೊರಡು

ಮ್ಯಾನೇಜರು ಸುಮ್ಮನಿರಲಿಲ್ಲ. ಮೇಲಿನ ಆಫೀಸಿಗೆ ಫೋನು ಮಾಡಿದರು. ಅಲ್ಲಿಂದ ಎರಡು ಮಾತು ಬಂತು. ಒಂದು, ಬಾಗಿಲಿಗೆ ಬೋರ್ಡ್ ಹಾಕಿ. ಎರಡು, ಇನ್ನೊಮ್ಮೆ ಇಂಥದ್ದು ಆದರೆ ಗಾರ್ಡನ್ನು ಬದಲಾಯಿಸುತ್ತೇವೆ. ಎರಡನೇ ಮಾತು ಕೇಳಿ ನನ್ನ ಕಣ್ಣ ಮುಂದೆ ಕುಟ್ಟದ ಆನೆಗಳು ಸಾಲಾಗಿ ನಿಂತವು.

ಬೋರ್ಡ್ ಬಂತು: "ಬ್ಯಾಂಕಿನ ಒಳಗೆ ಕೋವಿ ತರುವಂತಿಲ್ಲ." ಅದನ್ನು ಮೊದಲು ಓದಿದವರು, ಇನ್ಯಾರು, ಅದೇ ಅಜ್ಜ. ರಿಪೇರಿ ಆದ ಕೋವಿ ಹಿಡಿದು ವಾಪಸು ಬರುತ್ತಿದ್ದರು.

"ನಾವು ಕೊಡವರು, ನಮ್ಮ ಕೋವಿಗೆ ಸರ್ಕಾರದ ವಿನಾಯಿತಿ ಉಂಟು. ಲೈಸೆನ್ಸೇ ಬೇಡ," ಅಂದರು.

ಮ್ಯಾನೇಜರು ಬಾಗಿಲಿಗೆ ಬಂದು, ಸ್ವಲ್ಪ ದೂರದಲ್ಲೇ ನಿಂತು, "ವಿನಾಯಿತಿ ಇರೋದು ಕೋವಿ ಇಟ್ಟುಕೊಳ್ಳೋಕೆ ಅಜ್ಜಾರೇ, ಬ್ಯಾಂಕಿಗೆ ತರೋಕಲ್ಲ. ರೂಲ್ಸ್ ಎಲ್ಲರಿಗೂ ಒಂದೇ," ಅಂದರು.

"ಎಲ್ಲರಿಗೂ?"

"ಎಲ್ಲರಿಗೂ."

ಅಜ್ಜ ನನ್ನ ಹೆಗಲ ಮೇಲಿದ್ದ ಕೋವಿ ನೋಡಿದರು. "ಹಾಗಾದ್ರೆ ಮೊದಲು ನೀನು ಹೊರಡು," ಅಂದರು.

ನಾನು ನಕ್ಕೆ. ಮ್ಯಾನೇಜರು ನಗಲಿಲ್ಲ, ಯೋಚನೆ ಮಾಡಿದರು! ಕೊನೆಗೆ ತೀರ್ಮಾನ ಏನಾಯಿತು ಅಂದರೆ, ಗಿರಾಕಿಗಳು ಕೋವಿಯನ್ನು ಹೊರಗೆ, ಕೊಡೆಯ ಪಕ್ಕ ಇಡಬೇಕು. ಕೋವಿಯನ್ನು ಹಾಗೆಲ್ಲ ಒಂಟಿಯಾಗಿ ಬಿಡುವ ಹಾಗಿಲ್ಲವಲ್ಲ, ಅದಕ್ಕೆ ನಾನು ಹೊರಗೆ ನಿಂತು ಕಾಯಬೇಕು. ಅವತ್ತಿನಿಂದ ಯಾರಾದರೂ ಕೋವಿ ತಂದರೆ ನಾನು ವರಾಂಡದಲ್ಲಿ ಗಾಳಿಮಳೆಗೆ ಅರ್ಧ ನೆನೆಯುತ್ತ ಪರರ ಕೋವಿ ಕಾಯುತ್ತಿದ್ದೆ. ಒಳಗೆ ದುಡ್ಡು ದೇವರ ಪಾಲಿಗೆ.

ಅಜ್ಜ ಮಾತ್ರ ಬಹಳ ಖುಷಿಯಾಗಿದ್ದರು. ಕಂಡಕಂಡವರಿಗೆಲ್ಲ ಹೇಳುತ್ತಿದ್ದರು: "ಈಗ ಬ್ಯಾಂಕು ಸುಧಾರಿಸಿದೆ. ಮೊದಲು ನಮ್ಮ ಕೋವಿ ನಾವೇ ಹಿಡ್ಕೋಬೇಕಿತ್ತು."

ಕೊಡೆ ಹಿಡಿದ ಗಾರ್ಡ್

ಚುನಾವಣೆ ಬಂತು. ಚುನಾವಣೆ ಬಂದರೆ ನಮ್ಮ ಕಡೆ ಕೋವಿಗಳಿಗೆ ಪೊಲೀಸ್ ಸ್ಟೇಷನ್ ವಾಸ. ಎಲ್ಲರೂ ತಂತಮ್ಮದನ್ನು ಒಯ್ದು ಠೇವಣಿ ಇಡಬೇಕು, ಮುಗಿದ ಮೇಲೆ ವಾಪಸು. ಬ್ಯಾಂಕಿನ ಕೋವಿಗೆ ಅದರಿಂದ ಬಿಡುಗಡೆ ಉಂಟು. ಆದರೆ ಅಪ್ಪಣೆ ಬರುವ ತನಕ ಕಾಯುವ ಮನುಷ್ಯರಾ ನಮ್ಮ ಮ್ಯಾನೇಜರು?

"ರೂಲ್ಸ್ ಎಲ್ಲರಿಗೂ ಒಂದೇ ಅಂತ ನಾನೇ ಹೇಳಿದ್ದೇನೆ," ಅಂದವರೇ ನನ್ನನ್ನು ಕೋವಿ ಸಮೇತ ಸ್ಟೇಷನ್ನಿಗೆ ಕಳಿಸಿದರು. ಅಲ್ಲಿಯವರೂ ಸಾಲಿನಲ್ಲಿ ಬಂದದ್ದನ್ನೆಲ್ಲ ಇಸ್ಕೊಂಡ ಹಾಗೆ ಇದನ್ನೂ ಇಸ್ಕೊಂಡರು. ಬರಿಗೈಲಿ ವಾಪಸು ಬಂದೆ. ಸೊಂಟದಲ್ಲಿ ತೋಟಾ ತುಂಬಿದ ಬೆಲ್ಟ್ ಇದೆ, ಕೈಯಲ್ಲಿ ಏನೂ ಇಲ್ಲ. ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಬಕೆಟ್ಟಿನಿಂದ ಒಂದು ಉದ್ದ ಕೊಡೆ ತೆಗೆದು ಹೆಗಲಿಗೆ ಒರಗಿಸಿ ನಿಂತೆ. ನನಗೋ ನಾಚಿಕೆಯಿಂದ ಸಾಯುವ ಹಾಗೆ. ಗಡಿ ಕಾಯ್ದವನು ಈಗ ಕೊಡೆ ಹಿಡಿದು ನಿಂತಿದ್ದೇನೆ!

ನಾಲ್ಕಾರು ದಿನ ಹೀಗೇ ನಡೆಯಿತು. ಕಳ್ಳ ಬರಲಿಲ್ಲ, ಪುಣ್ಯ. ಕೋವಿ ಬಿಡಿಸಿಕೊಂಡು ಹೋಗಿ ಅಂತ ಸ್ಟೇಷನ್ನಿನಿಂದಲೇ ಫೋನು ಬಂದಾಗ ಹೋದ ಜೀವ ಬಂದ ಹಾಗಾಯಿತು. ಮರುದಿನ ಕೋವಿ ಹೆಗಲಿಗೇರಿಸಿ ಎದೆ ಸೆಟೆದು ನಿಂತೆ. ಪೆನ್ಷನ್ನಿಗೆ ಬರುವ ಒಬ್ಬರು ಅಜ್ಜಿ ಮೆಟ್ಟಿಲು ಹತ್ತಿ ಬಂದರು, ನನ್ನನ್ನು ನೋಡಿದ ಕೂಡಲೇ ಮುಖ ಸಪ್ಪೆ ಮಾಡಿದರು.

"ಅಯ್ಯೋ, ಇದು ಮತ್ತೆ ಬಂತಾ? ಕೊಡೆಯೇ ವಾಸಿ ಇತ್ತಪ್ಪ. ಬಸ್ಸಿನ ತನಕ ನನ್ನ ತಲೆಗೆ ಹಿಡ್ಕೊಂಡಾದ್ರೂ ಬರ್ತಿದ್ದೆ ನೀನು."

ಕೋವಿ ಹೂ

ಆಮೇಲೆ ಕೈಲ್‌ಪೊಳ್ದ್ ಬಂತು. ಅದು ನಮ್ಮಲ್ಲಿ ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಮನೆಯ ಕೋವಿಗಳನ್ನೆಲ್ಲ ಒರೆಸಿ, ದೇವರ ಮುಂದೆ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ತೋಕ್ ಪೂ ಅಂದರೆ ಕೋವಿ ಹೂ, ಬೇಲಿ ಮೇಲೆ ಬೆಂಕಿಯ ಬಣ್ಣಕ್ಕೆ ಅರಳುವ ಹೂ. ನನ್ನ ಮನೆ ಊಟ ನಡೆಯುವುದು ಬ್ಯಾಂಕಿನ ಕೋವಿಯಿಂದ. ಅದಕ್ಕೊಂದು ಹೂ ಇಡದಿದ್ದರೆ ಮನಸ್ಸು ಒಪ್ಪುತ್ತಾ? ಹಬ್ಬದ ಬೆಳಿಗ್ಗೆ ಒಂದು ಹೂ ಕಿತ್ತು, ಹೆಂಡತಿ ಕೊಟ್ಟ ಕಡಂಬುಟ್ಟಿನ, ಅಂದರೆ ಅಕ್ಕಿ ಕಡುಬಿನ, ಡಬ್ಬಿಯ ಜೊತೆ ತಂದೆ.

"ಸಾರ್, ಒಂದೇ ಒಂದು ಹೂ. ಸಾಯಂಕಾಲ ತೆಗೀತೀನಿ."

"ಬ್ಯಾಂಕಿನ ಕೋವಿಗೆ ಹೂ ಇಡೋ ರೂಲ್ಸ್ ಇಲ್ಲ," ಅಂದರು ಮ್ಯಾನೇಜರು. ಕಡಂಬುಟ್ಟು ತಿನ್ನೋಕೆ ಮಾತ್ರ ರೂಲ್ಸ್ ಇತ್ತು, ಮೂರು ತಿಂದರು. ತಿನ್ನುತ್ತ ತಿನ್ನುತ್ತ, "ಅಲ್ಲ, ಹೂ ಇಡದಿದ್ದರೆ ಏನಾಗುತ್ತೆ ಅಂತಾರೆ ನಿಮ್ಮವರು?" ಅಂತ ಕೇಳಿದರು. ನಾನು ಸಿಟ್ಟಿನಲ್ಲಿದ್ದೆ. "ಕೋವಿ ಮುನಿಸಿಕೊಳ್ಳುತ್ತೆ ಸಾರ್. ಯಾರ ಮೇಲೆ ಅಂತ ಹೇಳೋಕಾಗಲ್ಲ," ಅಂದೆ. ಸಾಯಂಕಾಲ ಕಿಟಕಿಯ ಮೇಲಿಟ್ಟ ಹೂ ಇರಲಿಲ್ಲ. ಗುಡಿಸುವವಳು ಎಸೆದಿರಬೇಕು ಅಂತ ಸುಮ್ಮನಾದೆ.

ಮರುದಿನ ನಾನು ಹೋಗುವಾಗಲೇ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಗಿರಿಜಾ ಮೀಸೆ, ಇಸ್ತ್ರಿ ಮಾಡಿದ ಪ್ಯಾಂಟು. ನಮ್ಮ ಬ್ಯಾಂಕಿನ ಸೆಕ್ಯುರಿಟಿ ಆಫೀಸರು, ಮಿಲಿಟರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಬಾಯಿ ಬಿಟ್ಟರೆ ಬರೀ ಹಿಂದಿ. ನನ್ನನ್ನು ಮುಂದುವರಿಸಬೇಕಾ ಬೇಡವಾ ಅಂತ ನೋಡೋಕೆ ಬಂದವರು ಇವರೇ. ಬೋರ್ಡಿನ ಕಥೆ, ಮೇಜಿನ ಕೆಳಗಿನ ಕಥೆ, ಕೊಡೆಯ ಕಥೆ, ಎಲ್ಲವೂ ಅವರಿಗೆ ಗೊತ್ತಿತ್ತು.

"ಬಂದೂಕ್ ಲಾವೋ," ಅಂದರು.

ನಾನು ಹೊರಡುವ ಮೊದಲೇ ಮ್ಯಾನೇಜರು, "ನಾನೇ ತರ್ತೀನಿ, ನಾನೇ ತರ್ತೀನಿ," ಅಂತ ರಾತ್ರಿ ಕೋವಿ ಇಡುವ ಸ್ಟ್ರಾಂಗ್ ರೂಮಿಗೆ ಓಡಿದರು. ಕೋವಿ ಮುಟ್ಟದ ಮನುಷ್ಯ! ಆಶ್ಚರ್ಯವಾಯಿತು. ಆಫೀಸರು ಬಿಡಬೇಕಲ್ಲ, ಅವರ ಹಿಂದೆಯೇ ಹೋಗಿ ಕೋವಿಯನ್ನು ಕೈಯಿಂದ ತೆಗೆದುಕೊಂಡು ಹೊರಗೆ ಬಂದರು. ಬೆಳಕಿಗೆ ಹಿಡಿದರು. ಒಂದು ನಳಿಗೆಯ ಬಾಯಲ್ಲಿ ಬಾಡಿದ ತೋಕ್ ಪೂ ತಲೆ ಬಾಗಿಸಿಕೊಂಡು ಕೂತಿತ್ತು.

ಮುಗೀತು, ಕುಟ್ಟವೇ ಗತಿ ಅಂದುಕೊಂಡೆ. ಆಫೀಸರು ನನ್ನ ಕಡೆ ತಿರುಗಿದರು. "ಯೇ ಕಿಸ್ನೇ ಕಿಯಾ?"

ಯಾರು ಮಾಡಿದ್ದು ಅಂತ! ನಾನಲ್ಲ ಅಂದರೆ ಯಾರು ನಂಬುತ್ತಾರೆ? ಆಗ ಹಿಂದಿನಿಂದ ಒಂದು ಸಣ್ಣ ದನಿ ಕೇಳಿತು.

"ನಾನು ಸಾರ್."

ಮ್ಯಾನೇಜರು! ಎರಡೂ ಕೈ ಮೇಲೆ ಎತ್ತಿಕೊಂಡು ನಿಂತಿದ್ದರು, ಅಜ್ಜನಿಗೆ ಎತ್ತಿದ ಹಾಗೆಯೇ. "ಗಾರ್ಡಿಂದು ಏನೂ ತಪ್ಪಿಲ್ಲ ಸಾರ್. ಅವರು ಕೇಳಿದರು, ನಾನು ಬೇಡ ಅಂದೆ. ಆಮೇಲೆ ಬೀಗ ಹಾಕುವಾಗ ಭಯ ಆಯ್ತು. ಇಡೀ ವರ್ಷ ಆ ಕೋವಿಯ ಎದುರಿಗೇ ಕೂರೋನು ನಾನು ಸಾರ್. ಅದಕ್ಕೆ ನಾನೇ ಇಟ್ಟುಬಿಟ್ಟೆ."

ಆಫೀಸರು ಹೂವನ್ನು ಮೆಲ್ಲಗೆ ಎಳೆದು ತೆಗೆದರು, ಕಣ್ಣಿಗೆ ಒತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಕೋವಿಯನ್ನು ಮಡಚಿ ನಳಿಗೆ ನೋಡಿದರು. ಆಮೇಲೆ ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ ಶುರು ಮಾಡಿದರು.

"ನಮ್ಮ ಮನೆಯೂ ಕೊಡಗಲ್ಲೇ, ಮಾದಾಪುರ. ಈ ಸಲ ಹಬ್ಬಕ್ಕೆ ಹೋಗೋಕೆ ಆಗಲಿಲ್ಲ, ಡ್ಯೂಟಿ. ಕೋವಿ ಚೊಕ್ಕ ಉಂಟು, ಗಾರ್ಡ್ ಇವನೇ ಇರಲಿ." ನಾನು ಅಲ್ಲೇ ಗೋಡೆಗೆ ಒರಗಿಬಿಟ್ಟೆ. ಇನ್ನೂ ಕೈ ಎತ್ತಿಕೊಂಡೇ ಇದ್ದ ಮ್ಯಾನೇಜರ ಕಡೆ ತಿರುಗಿ ಆಫೀಸರು ಗದರಿದರು:

"ಆದ್ರೆ ನೀವು ಮಾಡಿದ್ದು ದೊಡ್ಡ ತಪ್ಪು ಕಣ್ರೀ. ಇದು ಜೋಡಿ ನಳಿಗೆ ಕೋವಿ. ಒಂದಕ್ಕೆ ಹೂ ಇಟ್ಟಿದ್ದೀರಿ, ಇನ್ನೊಂದು ಏನು ಪಾಪ ಮಾಡಿತ್ತು?"