ಮಾವನ ಮರದ ಬುಲ್‌ಪಪ್

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದೇ ಒಂದು ಗುಂಡು ಹಾರಿಸಿದವರಲ್ಲ. ದೀಪಾವಳಿಯಲ್ಲಿ ಬೀದಿ ಮಕ್ಕಳು ಆಟಂಬಾಂಬ್ ಹಚ್ಚಿದರೆ ಕಿವಿಗೆ ಹತ್ತಿ ತುರುಕಿಕೊಂಡು ಬಚ್ಚಲುಮನೆ ಸೇರುವವರು! ಆದರೆ ಯಾವ ದೇಶದ ಯಾವ ರೈಫಲ್ಲಿಗೆ ಯಾವಾಗ ನೆಗಡಿಯಾಗುತ್ತದೆ ಎನ್ನುವುದನ್ನು ಅವರನ್ನೇ ಕೇಳಬೇಕು. ಕೇಳದಿದ್ದರೂ ಹೇಳುತ್ತಾರೆ, ಅದು ಬೇರೆ ಮಾತು.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರ ಮನೆ. ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸ. ಮಾಲನ್ನು ಅಳೆಯುವುದು, ಸರಿಯಿದ್ದರೆ ಸೀಮೆಸುಣ್ಣದಲ್ಲಿ ‘ಓಕೆ’, ಇಲ್ಲದಿದ್ದರೆ ‘ರಿಜೆಕ್ಟ್’ ಎಂದು ಬರೆಯುವುದು. ಇಪ್ಪತ್ತೈದು ವರ್ಷ ಇದನ್ನೇ ಮಾಡಿದ ಕೈ ಮನೆಗೆ ಬಂದಮೇಲೆ ಸುಮ್ಮನಿರುತ್ತದೆಯೇ? ಒಮ್ಮೆ ಅತ್ತೆಯ ಚಪಾತಿಯ ದಪ್ಪ ಅಳೆಯಲು ಹೊರಟು, ಅತ್ತೆ ಲಟ್ಟಣಿಗೆ ಎತ್ತಿದ ಮೇಲೆ ‘ಎಲ್ಲ ಓಕೆ’ ಎಂದು ಎದ್ದುಹೋದ ಪುಣ್ಯಾತ್ಮ!

ಅವರಿಗೆ ಬಂದೂಕಿನ ಹುಚ್ಚು ಹಿಡಿದದ್ದು ನನ್ನ ತಮ್ಮನಿಂದ. ತಮ್ಮ ಚಿಕ್ಕಂದಿನಲ್ಲಿ ನಾಲ್ಕು ವರ್ಷ ಮಾವನ ಮನೆಯಲ್ಲಿದ್ದುಕೊಂಡೇ ಶಾಲೆಗೆ ಹೋದವನು. ಹುಟ್ಟಾ ಎಡಚ. ಅನ್ನ ಕಲಸಲು ಎಡಗೈ ಮುಂದೆ ಬಂತೋ, ಮಾವನ ಸ್ಟೀಲ್ ಸ್ಕೇಲು ಗೆಣ್ಣಿನ ಮೇಲೆ ಬೀಳುತ್ತಿತ್ತು. ಆ ವಿಷಯದಲ್ಲಿ ಮಾವನ ಗುರಿ ಒಂದು ದಿನವೂ ತಪ್ಪಲಿಲ್ಲ! ಹುಡುಗ ಅನ್ನಕ್ಕೂ ಅಕ್ಷರಕ್ಕೂ ಬಲಗೈಗೆ ತಿರುಗಿದ. ಮಾವಿನಕಾಯಿಗೆ ಕಲ್ಲು ಹೊಡೆಯಲು ಮಾತ್ರ ಎಡಗೈಯನ್ನೇ ಉಳಿಸಿಕೊಂಡ. ಕಾರ್ಗಿಲ್ ಯುದ್ಧ ಮುಗಿದ ಮರುವರ್ಷ ಸೈನ್ಯ ಸೇರಿ ಹೊರಟೇಬಿಟ್ಟ.

ಅವನು ಹೋಗಿ ಕೆಲವು ತಿಂಗಳಾಗಿತ್ತು. ಮಾವ ರದ್ದಿ ಅಂಗಡಿಯಲ್ಲಿ ಸಿಕ್ಕ ವಿದೇಶಿ ಬಂದೂಕು ಪತ್ರಿಕೆಯೊಂದನ್ನು ಎದೆಗವುಚಿಕೊಂಡು ಶಿವಮೊಗ್ಗಕ್ಕೆ, ವಿನೋಬನಗರದ ನಮ್ಮ ಮನೆಗೆ ಓಡಿಬಂದರು.

“ಅಕ್ಕಾ, ಕೆಟ್ಟೋಯ್ತು! ಇನ್ಮೇಲೆ ಎಲ್ಲಾ ಸೈನ್ಯಕ್ಕೂ ಇದೇ ಬರುತ್ತಂತೆ. ಬುಲ್‌ಪಪ್!”

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. “ಬರ್ಲಿ ಬಿಡೋ, ನಿಂಗೇನ್ ಕಷ್ಟ?”

ಕಷ್ಟವೇನೆಂದು ಮಾವ ನಮ್ಮ ಪೊರಕೆಯನ್ನೇ ಭುಜಕ್ಕೇರಿಸಿ ವಿವರಿಸಿದರು. ಸಾಮಾನ್ಯ ರೈಫಲ್ಲಿನಲ್ಲಿ ಗುಂಡು ತುಂಬುವ ಜಾಗ ಟ್ರಿಗರಿನ ಮುಂದೆ ಇರುತ್ತದೆ. ಬುಲ್‌ಪಪ್‌ನಲ್ಲಿ ಅದನ್ನು ಹಿಂದಕ್ಕೆ, ಭುಜಕ್ಕೆ ಆನಿಸುವ ಹಿಡಿಯೊಳಕ್ಕೇ ತಳ್ಳಿದ್ದಾರೆ. ನಳಿಗೆಯ ಉದ್ದ ಕಡಿಮೆಯಾಗದೆ ಬಂದೂಕು ಮೊಟಕಾಗುತ್ತದೆ. ಜೀಪಿನಲ್ಲಿ ಕೂರಲು ಬಲು ಅನುಕೂಲ. ಆದರೆ ಗುಂಡು ಹಾರಿದ ಮೇಲೆ ಹಿತ್ತಾಳೆಯ ಖಾಲಿ ತೋಟಾ ಮುಖದ ಪಕ್ಕದಲ್ಲೇ ಬಲಕ್ಕೆ ಸಿಡಿಯುತ್ತದೆ. ಬಲಭುಜಕ್ಕೆ ಆನಿಸಿದವನಿಗೆ ತೊಂದರೆಯಿಲ್ಲ. ಎಡಭುಜಕ್ಕೆ ಆನಿಸಿದವನ ಕೆನ್ನೆ ಸರಿಯಾಗಿ ಅದರ ದಾರಿಯಲ್ಲೇ!

ಅಮ್ಮನ ಕೈ ಸೊಪ್ಪಿನ ಮೇಲೆ ನಿಂತುಬಿಟ್ಟಿತು.

“ನಮ್ ಹುಡುಗನ ಕೆನ್ನೆ ಅಕ್ಕ! ಬಿಡಲ್ಲ ನಾನು. ನಾನೇ ಟೆಸ್ಟ್ ಮಾಡಿ ದಿಲ್ಲಿಗೆ ರಿಪೋರ್ಟ್ ಕಳಿಸ್ತೀನಿ.”

ಅಲ್ಲಿಂದ ಶುರುವಾಯಿತು ನೋಡಿ! ಮೊದಲ ಪಾಠ ನನಗೇ ಆಯಿತು. “ರಿಲಯಬಿಲಿಟಿ ಬೇರೆ, ಅಕ್ಯುರಸಿ ಬೇರೆ. ನಿಮ್ಮನೆ ಗಡಿಯಾರ ದಿನಾ ಹತ್ತು ನಿಮಿಷ ಲೇಟು, ಒಂದಿನಾನೂ ತಪ್ಪಲ್ಲ. ಅದು ರಿಲಯಬಲ್, ಆದ್ರೆ ಅಕ್ಯುರೇಟ್ ಅಲ್ಲ. ನಿಮ್ಮಪ್ಪ ಹೇಳಿದ್ದು ಯಾವಾಗ್ಲೂ ಸರಿ ಇರುತ್ತೆ, ಆದ್ರೆ ಬಾಯಿ ಬಿಡ್ತಾರೋ ಇಲ್ವೋ ಅಂತ ನಂಬೋ ಹಾಗಿಲ್ಲ. ಅವರು ಅಕ್ಯುರೇಟ್, ರಿಲಯಬಲ್ ಅಲ್ಲ.”

“ಮತ್ತೆ ನೀನೋ?” ಎಂದಳು ಅಮ್ಮ.

“ನಾನು ಇನ್‌ಸ್ಪೆಕ್ಷನ್ನಿನವನು ಅಕ್ಕ. ನನ್ನನ್ನ ಯಾರೂ ಅಳೆಯೋ ಹಾಗಿಲ್ಲ!”

ಒಂದು ತಿಂಗಳಲ್ಲಿ ಮರದ ಬುಲ್‌ಪಪ್ ತಯಾರಾಯಿತು. ಮುಂದೆ ಟ್ರಿಗರ್, ಹಿಂದೆ ಸ್ಪ್ರಿಂಗ್, ಎರಡರ ಮಧ್ಯೆ ಸೈಕಲ್ಲಿನ ಬ್ರೇಕ್ ವೈರು. ಖಾಲಿ ತೋಟಾಗಳಿಗೆ ಬದಲು ಹುಣಿಸೆ ಬೀಜ! ಟ್ರಿಗರ್ ಒತ್ತಿದರೆ ಬಲಗಡೆಯ ಕಿಂಡಿಯಿಂದ ಬೀಜ ಟಣ್ಣನೆ ಹಾರಬೇಕು. ಹಾರಿದ್ದೇನೋ ನಿಜ, ಆದರೆ ಮಾವನಿಗೆ ತೃಪ್ತಿಯಿಲ್ಲ. “ಟ್ರಿಗರ್ ಇಲ್ಲಿ, ಕೆಲ್ಸ ಅಲ್ಲಿ. ಒತ್ತಿದ್ದು ಕೈಗೇ ಗೊತ್ತಾಗಲ್ಲ, ನಿಮ್ಮಪ್ಪನ ಸ್ಕೂಟರ್ ಕ್ಲಚ್ ಥರ. ಗುರಿ ಅಲ್ಲಾಡದೆ ಇನ್ನೇನಾಗುತ್ತೆ?” ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಆಮೇಲೆ ಮರುಭೂಮಿ ಪರೀಕ್ಷೆ. ಭದ್ರಾವತಿಯಲ್ಲಿ ಮರುಭೂಮಿ ಎಲ್ಲಿಂದ ಬರಬೇಕು? ಅತ್ತೆಯ ರವೆ ಡಬ್ಬದಿಂದ! ಬಂದೂಕಿನ ಹಿಂಭಾಗವನ್ನು ರವೆಯಲ್ಲಿ ಹೂತು, ಒಂದು ಗಂಟೆ ಬಿಟ್ಟು ತೆಗೆದು, ಬೀಜ ಹಾರಿಸಿದರು.

“ರೀ, ನಾಳೆ ಉಪ್ಪಿಟ್ಟಲ್ಲಿ ಸ್ಪ್ರಿಂಗ್ ಸಿಕ್ರೆ ನಿಮ್ ತಟ್ಟೆಗೇ ಬಡಿಸ್ತೀನಿ!” ಎಂದು ಅತ್ತೆ ಕೂಗಿದರು. ಅವರ ಮಾತು ಸುಳ್ಳಾಯಿತು. ಮರುದಿನ ಸಿಕ್ಕಿದ್ದು ಸ್ಪ್ರಿಂಗಲ್ಲ, ಸ್ಕ್ರೂ.

ಒಬ್ಬ ವಿಮೆ ಏಜೆಂಟ್ ಪಾಪ, ಇದೇನೂ ತಿಳಿಯದೆ ಬಂದು ಕೂತಿದ್ದ. ಮಾವ ಬೇಡ ಬೇಡ ಎನ್ನುತ್ತಲೇ ಸ್ಪ್ರಿಂಗ್ ಬಿಗಿ ಮಾಡುತ್ತಿದ್ದರು. ಟಣ್! ಬೀಜ ಗೋಡೆಗೆ ಬಡಿದು, ಪುಟಿದು, ಅವನ ಕಾಫಿ ಲೋಟದೊಳಕ್ಕೇ ಬಿತ್ತು. ಅವನು ಷರಟು ಒರೆಸಿಕೊಂಡು ಹೇಳಿದ: “ಸಾರ್, ನಿಮಗೆ ಬೇಡ ಅಂದ್ರೆ ಬೇಡ. ಅಮ್ಮಾವ್ರಿಗೆ ಒಂದು ಪಾಲಿಸಿ ಮಾಡ್ಸೇ ಬಿಡಿ!”

ಇನ್ನು ಬಸ್ಸಿನ ಕಥೆ. ಅಮ್ಮನಿಗೆ ತೋರಿಸಲೆಂದು ಮಾವ ಬಂದೂಕಿಗೆ ಜಮಖಾನ ಸುತ್ತಿ ಶಿವಮೊಗ್ಗ ಬಸ್ಸು ಹತ್ತಿದರು. ಪಕ್ಕದಲ್ಲಿ ಪೊಲೀಸ್ ಪೇದೆ.

“ಏನ್ ಸಾರ್ ಅದು?”

“ಬುಲ್‌ಪಪ್ ರೈಫಲ್.”

ಪೇದೆ ಜಿಗಿದೆದ್ದ. ಜಮಖಾನ ಬಿಚ್ಚಿಸಿದ. ಮರ ಎಂದು ಗೊತ್ತಾದ ಮೇಲಾದರೂ ಕಥೆ ಮುಗಿಯಿತೇ? ಶುರುವಾಯಿತು! ಮಾವ ಅವನ ತೋಳು ಹಿಡಿದು ಕೂರಿಸಿ, ನಳಿಗೆಯಿಂದ ಹಿಡಿದು ಕಿಂಡಿಯವರೆಗೆ ಬಿಡಿಸಿ ಹೇಳಿ, ನಿಮ್ಮ ಠಾಣೆಯ ಬಂದೂಕನ್ನು ಕೊನೆಗೆ ಎಣ್ಣೆ ಹಾಕಿ ಒರೆಸಿದ್ದು ಯಾವಾಗ ಎಂದು ವಿಚಾರಣೆ ಮಾಡಿದರು. ಪೇದೆ ತಾನು ಇಳಿಯಬೇಕಾದ ಸ್ಟಾಪಿಗಿಂತ ಎರಡು ಸ್ಟಾಪು ಮೊದಲೇ ಇಳಿದು ಪಾರಾದ.

ಕೊನೆಯದು ಕೆನ್ನೆಯ ಪರೀಕ್ಷೆ. ಅದಕ್ಕೆ ಯಾರನ್ನೂ ಕರೆಯಲಿಲ್ಲ. ಬಂದೂಕನ್ನು ತಮ್ಮದೇ ಎಡಭುಜಕ್ಕೆ ಆನಿಸಿಕೊಂಡು ದಿನಕ್ಕೆ ನೂರು ಸಲ ಟ್ರಿಗರ್ ಒತ್ತಿದರು. ಕೆನ್ನೆ ಜಾಮೂನಿನಂತೆ ಊದಿಕೊಂಡಿತು. ಅತ್ತೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಹಲ್ಲುನೋವೇ ಎಂದು ಕೇಳಿದರೆ, “ಅಲ್ಲ ಸಾರ್, ಫೀಲ್ಡ್ ಟ್ರಯಲ್” ಎಂದರಂತೆ! ನಾನು ಬಿದ್ದು ಬಿದ್ದು ನಕ್ಕೆ. ಮಾವ ನಗಲಿಲ್ಲ. “ಹುಣಿಸೆ ಬೀಜಕ್ಕೇ ಹಿಂಗಾದ್ರೆ, ಕಾದ ಹಿತ್ತಾಳೆಗೆ ಮಗು ಗತಿಯೇನು ಮಾರಾಯ್ತಿ?” ಎಂದರು.

ತಮ್ಮ ರಜೆಗೆ ಬಂದ. ಭದ್ರಾವತಿಯಲ್ಲಿ ಎಲ್ಲರಿಗೂ ಊಟ. ಮಾವ ಎಲೆ ಹಾಕುವುದಕ್ಕೂ ಮೊದಲೇ ಅರವತ್ತು ಪುಟದ ರಿಪೋರ್ಟನ್ನು ಅವನ ಮುಂದಿಟ್ಟು ಉಸಿರು ಬಿಗಿಹಿಡಿದು ನಿಂತರು.

ತಮ್ಮ ಪುಟ ತಿರುಗಿಸಿ ಮೆಲ್ಲಗೆ ನಕ್ಕ. “ಮಾವ, ನಮ್ ಯೂನಿಟ್ಟಿಗೆ ಬುಲ್‌ಪಪ್ ಬಂದೇ ಇಲ್ಲ. ಬಂದ್ರೂ ಯೋಚ್ನೆ ಇಲ್ಲ, ನಾನು ಹೊಡೆಯೋದು ಬಲಗೈಲಿ.”

“ಬಲಗೈಲಾ? ಯಾರೋ ಕಲಿಸಿದ್ದು?”

“ನೀವೇ ಅಲ್ವಾ ಮಾವ! ಮೊದಲನೇ ದಿನ ಎಡಕ್ಕೇ ಎತ್ಕೊಂಡಿದ್ದೆ. ಟ್ರೈನಿಂಗ್ ಕೊಡೋ ಉಸ್ತಾದ್ ಹಿಂದೆ ಬಂದು ನಿಂತ್ಕೊಂಡ್ರು ನೋಡಿ, ಬೈಯೋಕೆ ಮುಂಚೇನೇ ಎಡಗೈ ತಾನಾಗೇ ಕೆಳಗೆ ಬಂತು. ಸ್ಕೇಲ್ ಬಿತ್ತು ಅಂದ್ಕೊಂಡೆ!”

ಅವನು ತಮಾಷೆಗೇ ಹೇಳಿದ್ದು. ನಾವೆಲ್ಲ ನಕ್ಕೆವು. ಮಾವ ಮಾತ್ರ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತರು. “ಆ ಸ್ಕೇಲ್ ಇನ್ನೂ ನನ್ ಡ್ರಾಯರಲ್ಲೇ ಇದೆ ಮಾರಾಯ,” ಎಂದರು. “ಬಿಸಾಕೋಣ ಅಂತ ಎಷ್ಟೋ ಸಲ ತೆಗೀತೀನಿ. ಆಗಲ್ಲ.”

ಆ ನೂರು ನೂರು ಬೀಜಗಳನ್ನು ಮಾವ ಯಾಕೆ ತಮ್ಮ ಕೆನ್ನೆಗೇ ಹೊಡೆಸಿಕೊಂಡರು ಎಂದು ನನಗೆ ಹೊಳೆದದ್ದು ಆಗಲೇ. ಅಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಊಟಕ್ಕೆ ಕುಳಿತೆವು. “ಇವತ್ತು ಯಾವ ಕೈಲಿ ಬೇಕೋ ಆ ಕೈಲಿ ತಿನ್ನು,” ಎಂದರು ಮಾವ. ತಮ್ಮ ಸಂಕೋಚದಿಂದ ಅಮ್ಮನ ಮುಖ ನೋಡಿದ. ಅಷ್ಟರಲ್ಲಿ ಮಾವ ತಾವೇ ಎಡಗೈಯನ್ನು ಸಾರನ್ನಕ್ಕೆ ಇಳಿಸಿಬಿಟ್ಟರು! ಸಾರು ಮೊಣಕೈವರೆಗೆ ಹರಿಯಿತು. ಅರ್ಧ ತುತ್ತು ಮೀಸೆಗೆ, ಇನ್ನರ್ಧ ಪಂಚೆಗೆ.

“ಅಕ್ಯುರಸಿ ಸೊನ್ನೆ,” ಎಂದರು. ಕಣ್ಣು ತುಂಬಿ ಬಂದಿತ್ತು. “ರಿಜೆಕ್ಟ್ ಅಂತ ಬರೀ ಮಾರಾಯ, ನನ್ನನ್ನ.”

ತಮ್ಮನೇ ಹತ್ತಿರ ಸರಿದು ಕುಳಿತ. ಎಡಗೈಯಲ್ಲಿ ಅನ್ನ ಕಲಸಿ, ತುತ್ತು ಮಾಡಿ, ಒಂದು ಅಗುಳೂ ಬೀಳದಂತೆ ಮಾವನ ಬಾಯಿಗಿಟ್ಟ.

“ಓಕೆ ಮಾವ,” ಎಂದ.