ಉಡದಾರ ಬಿಚ್ಚಿದ ಪ್ರಸಂಗ

ನನ್ನ ಕಣ್ಣು ತಪ್ಪಿಸಿ ಈ ಹಾನಗಲ್ಲ ತಾಲೂಕಿನಲ್ಲಿ ಒಂದು ಗುಂಜಿ ಖೋಟಾ ಬೆಳ್ಳಿಯೂ ಓಡಾಡಕೂಡದೆಂದು ಆ ಮುಂಜಾನೆ ಶಪಥ ಮಾಡಿದೆ. ಕಾರಣವಿತ್ತು. ಮರುದಿನ ಮಗಳು ತನುಜಾಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ತವರಿನವರಾದ ನಾವು ಕೂಸಿನ ನಡುವಿಗೆ ಬೆಳ್ಳಿ ಉಡದಾರ ಹಾಕಬೇಕು. ಬಂಕಾಪುರದ ಬೀಗರು ಅದನ್ನು ಅಂಗೈಯಲ್ಲೇ ತೂಗಿ ನೋಡುವ ಜನ. ಖೋಟಾ ಎಂದಾದರೆ ಮಗಳು ಆ ಮನೆಯಲ್ಲಿ ಜೀವಮಾನವಿಡೀ ತಲೆ ತಗ್ಗಿಸಬೇಕು.

ಬೆಳ್ಳಿಗೆ ಅಯಸ್ಕಾಂತ ಅಂಟುವುದಿಲ್ಲ. ಏಳನೇ ಇಯತ್ತೆ ಓದಿದ ನನಗೂ ಗೊತ್ತು. ಹಳೇ ರೇಡಿಯೋ ಒಡೆದು ಅಯಸ್ಕಾಂತ ತೆಗೆದು, ಹಾನಗಲ್ಲಿನ ಅಕ್ಕಸಾಲಿಗನಲ್ಲಿ ಮಾಡಿಸಿ ತಂದಿದ್ದ ಕೂಸಿನ ಉಡದಾರಕ್ಕೆ ಹಿಡಿದೆ. ಸರಪಳಿ ಅಲುಗಲಿಲ್ಲ. ಕೊಂಡಿ ಮಾತ್ರ, ಕಣ್ಣಿ ಬಿಚ್ಚಿದ ಕರು ಆಕಳ ಕಡೆಗೆ ಓಡುವಂತೆ, ಹಾರಿ ಅಂಟಿತು! ಅದರ ಮೇಲೆ ಅಸಲಿ ಬೆಳ್ಳಿಯ ೯೨೫ ಛಾಪು ಬೇರೆ!

ಹೆಂಡತಿ ವೀರವ್ವ ಬಾಗಿಲಿಗೆ ಅಡ್ಡ ನಿಂತಳು. "ಪತ್ತಾರ ಪರಮೇಶಪ್ಪ ಅಂಥಾವ ಅಲ್ರಿ. ಸಮಾಧಾನ್ಲೆ ಕೇಳ್ರಿ."

"ಸಮಾಧಾನ ನಮ್ಮ ವಂಶದಾಗ ಐತೇನು?" ಎಂದು ಉಡದಾರ, ಅಯಸ್ಕಾಂತ ಎರಡನ್ನೂ ಕಿಸೆಗೆ ಹಾಕಿ ಬಸ್ಸು ಹತ್ತಿದೆ.

ಹಾನಗಲ್ಲಿನ ಅಂಗಡಿಯಲ್ಲಿ ನಾನು ಬೈದದ್ದನ್ನು ಇಲ್ಲಿ ಬರೆದರೆ ಕಾಗದ ಸುಟ್ಟೀತು. ಎರಡೂ ಕೈ ಗಾಳಿಯಲ್ಲಿದ್ದವು. ಗಿರಾಕಿಗಳು ಗೋಡೆಗೆ ಸರಿದರು. ಪರಮೇಶಪ್ಪ ಬಾಯಿ ತೆರೆಯುವಷ್ಟರಲ್ಲಿ, ಅಸಲಿ ಬೆಳ್ಳಿ ಹೇಗಿರುತ್ತದೆಂದು ತೋರಿಸುವ ಆವೇಶದಲ್ಲಿ, ನಡುವಿನಲ್ಲಿದ್ದ ನನ್ನದೇ ಉಡದಾರ ಬಿಚ್ಚಿ ಗಾಜಿನ ಮೇಲೆ ಬಡಿದೆ.

ನನ್ನ ಧೋತರ ನಿಂತಿದ್ದದ್ದೇ ಅದರ ಬಲದಿಂದ ಎಂಬುದು ಆಮೇಲೆ ನೆನಪಾಯಿತು.

ಗಾಳಿಯಲ್ಲಿದ್ದ ಕೈಗಳನ್ನು ತುರ್ತಾಗಿ ನಡುವಿಗೆ ಕರೆಸಿಕೊಂಡೆ. ಕೈ ಆಡಿಸದೆ ಬೈದು ನನಗೆ ರೂಢಿಯಿಲ್ಲ, ಬಾಯಿಯೂ ನಿಂತಿತು. ಅದೇ ಸಮಯ ನೋಡಿ ಪರಮೇಶಪ್ಪ ನಾನು ತಂದ ಅಯಸ್ಕಾಂತವನ್ನೇ ನನ್ನ ಉಡದಾರಕ್ಕೂ ಹಿಡಿದ. ಹೋದ ವರ್ಷ ಸವಣೂರಲ್ಲಿ ಹಾಕಿಸಿದ ಅದರ ಕೊಂಡಿಯೂ ಹಾರಿ ಅಂಟಿತು!

"ಬೆಳ್ಳಿ ಮೆತ್ತಗಿರ್ತೈತ್ರಿ ಶಂಭುಲಿಂಗಪ್ಪಾರ. ಕೊಂಡಿ ಒಳಗ ಉಕ್ಕಿನ ಸ್ಪ್ರಿಂಗ್ ಇದ್ರನ ಬಿಗಿ ಹಿಡೀತೈತಿ," ಎಂದು, ಅಂಥದೇ ಹಳೇ ಕೊಂಡಿಯೊಂದನ್ನು ಬಿಚ್ಚಿ ತೋರಿಸಿದ. ಕೂದಲೆಳೆಯಂಥ ಸ್ಪ್ರಿಂಗ್ ಅಂಟಿತು. ಬೆಳ್ಳಿಯ ಚಿಪ್ಪು ಅಂಟಲಿಲ್ಲ.

ಮಗಳ ಮಾನ ಉಳಿಯಿತು. ನನ್ನದು ಎರಡು ಮುಷ್ಟಿಯಲ್ಲಿತ್ತು!

ಉಡದಾರ ಹಾಕಿಕೊಳ್ಳಲು ಕೈ ಬಿಡಬೇಕು. ಕೈ ಬಿಟ್ಟರೆ ಧೋತರ ಹೋಯಿತು. ಕಡೆಗೆ ಅಷ್ಟು ಬೈಸಿಕೊಂಡ ಪರಮೇಶಪ್ಪನೇ ಎದ್ದು ಬಂದು, ಮೊಣಕಾಲೂರಿ, ನನ್ನ ನಡುವಿಗೆ ಸುತ್ತಿದ.

"ತಪ್ಪಾತಪಾ," ಎಂದೆ.

"ಹೊಟ್ಟಿ ಸ್ವಲ್ಪ ಒಳಗ ತಗೊಳ್ರಿ," ಎಂದು ಕೊಂಡಿ ಹಾಕಿದ.

ಮನೆಗೆ ಬಂದು ಎಲ್ಲ ಒಪ್ಪಿಸಿದೆ. ಬೀಗರಿಗಾಗಿ ಉಂಡಿ ಕಟ್ಟುತ್ತಿದ್ದ ವೀರವ್ವ ತಲೆಯನ್ನೂ ಎತ್ತಲಿಲ್ಲ.

"ಕೂಸಿಗಿಂತ ಮದಲ ಅಜ್ಜಗ ಉಡದಾರ ಹಾಕಿಸ್ಕೊಂಡು ಬಂದ್ರಿ. ಹಂಗಾದ್ರ ನಾಳೆ ಇನ್ನೊಂದು ತೊಟ್ಲ ಕಟ್ಟಸ್ಬೇಕು."